ಅಕಾರಾದಿಯಲ್ಲಿ ಅಂಕಮ್ಮ

ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆಕರಗಳ ಪಟ್ಟಿಯನ್ನು ಓದುವವರು ಕಡಿಮೆ. ನಾನು ಮಾತ್ರ ಹಾಸನದಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷ ಮೊದಲು ಓದಿದ್ದು ಅದನ್ನೇ. ಲೇಖನದಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ಎಷ್ಟೋ ಸಲ ತಡವರಿಸುತ್ತಿದ್ದೆ. ಅದು ಯಾವ ಪುಸ್ತಕದ ಯಾವ ಪುಟವನ್ನು ನೆಚ್ಚಿಕೊಂಡಿದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದೆ. ಈಚೆಗೆ ಇಂಥದೇ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಬಂದು, "ಅಮ್ಮಾ, ಬರೀ ಅಲ್ಪವಿರಾಮ, ಪೂರ್ಣವಿರಾಮ ಹಾಕಿ ಹಾಕಿ ಬೇಜಾರಾಗುತ್ತೆ" ಎಂದು ನನ್ನ ಹತ್ತಿರ ಹೇಳಿಕೊಂಡರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇಜಾರಾದ ದಿನಗಳು ನನಗೂ ಇದ್ದವು. ಈಗ ನೆನೆದರೆ ಅವು ಯಾವುವೂ ನೆನಪಿಗೆ ಬರುವುದಿಲ್ಲ, ನಕ್ಕ ದಿನಗಳೇ ಬರುತ್ತವೆ.

ರಾಜ್ಯ ಒಂದಾದ ಮಾರನೆಯ ವರ್ಷ ನಾನು ಕೆಲಸಕ್ಕೆ ಸೇರಿದ್ದು. ನಮ್ಮದು ಚನ್ನರಾಯಪಟ್ಟಣದ ಕಡೆ ರಾಗಿ, ತೆಂಗು ಬೆಳೆಯುವ ಮನೆ. ಇಂಟರ್‌ಮೀಡಿಯೆಟ್ ಮುಗಿಸಿ ಮನೆಯಲ್ಲಿದ್ದೆ. ಹಾಸನದಲ್ಲಿ ಕೆಲವು ಅಧ್ಯಾಪಕರೂ ವಕೀಲರೂ ಕೂಡಿ ಇತಿಹಾಸ ಮತ್ತು ಭಾಷೆಯ ಲೇಖನಗಳಿಗೆಂದೇ ಒಂದು ತ್ರೈಮಾಸಿಕ ನಡೆಸುತ್ತಿದ್ದರು. ಅಲ್ಲಿಗೆ ಅಕ್ಷರ ದುಂಡಗಿರುವ ಒಬ್ಬರು ಬೇಕಂತೆ ಎಂದು ಕೇಳಿ ಅಪ್ಪ ನನ್ನನ್ನು ಬಸ್ಸು ಹತ್ತಿಸಿಕೊಂಡು ಹೋದರು. ಮದುವೆಗೆ ಬಂದ ಮಗಳನ್ನು ಕೆಲಸಕ್ಕೆ ಕಳಿಸುತ್ತೀಯಾ ಎಂದು ಕೇಳಿದ ನೆಂಟರಿಗೆ ಅಪ್ಪ ಹೇಳಿದ್ದು ಇಷ್ಟೇ: "ಅವ್ಳ ಅಕ್ಷರ ನೋಡಿದೀಯೇನ್ಲಾ? ಒಸಿ ದಿನ ಬರ್ಕಂಡಿರ್ಲಿ ಬುಡು."

ಕಟ್ಟಿನಕೆರೆಯ ಹತ್ತಿರ ಒಂದು ಅಚ್ಚುಕೂಟ, ಅದರ ಮಹಡಿಯ ಮೇಲೆ ನಮ್ಮ ಕಚೇರಿ. ಕಚೇರಿ ಎಂದರೆ ಎರಡು ಮೇಜು, ಒಂದು ಬೀರು, ಗೋಡೆಯುದ್ದಕ್ಕೂ ಪುಸ್ತಕ. ಸಂಪಾದಕರು ನಂಜುಂಡಯ್ಯನವರು, ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದವರು, ಬಿಳಿ ಪಂಚೆ, ಕಪ್ಪು ಕೋಟು. ಮೊದಲ ದಿನ ಒಂದು ಹಸ್ತಪ್ರತಿಯನ್ನು ನನ್ನ ಮುಂದಿಟ್ಟು ಹೇಳಿದರು.

"ಲಕ್ಷ್ಮೀದೇವಮ್ಮ, ಇದರಲ್ಲಿ ಲೇಖಕರು ಯಾವ ಪುಸ್ತಕದ ಹೆಸರು ಹೇಳಿದ್ದಾರೋ ಅದನ್ನೆಲ್ಲ ಬೀರುವಿನಿಂದ ತೆಗೆದು ಆ ಪುಟ ನೋಡಿ. ಅವರು ನೋಡಿದ್ದೀನಿ ಅಂತ ಬರೆದಿರ್ತಾರೆ. ಆದರೂ ನೀವು ನೋಡಬೇಕು."

"ಪುಸ್ತಕ ಇಲ್ಲಿ ಇಲ್ಲದಿದ್ದರೆ, ಸಾರ್?"

"ಇರೋ ಕಡೆಗೆ ಹೋಗಬೇಕು. ಹೋಗಿ ನೋಡಬೇಕು. ಅದೇ ಸಂಬಳಕ್ಕೆ."

ಆಗ ಸಿದ್ಧ ನಿಯಮಾವಳಿ ಎಂಬುದು ನಮ್ಮ ಕೈಯಲ್ಲಿ ಇರಲಿಲ್ಲ. ಒಬ್ಬರು ಪುಸ್ತಕದ ಹೆಸರು ಮೊದಲು ಬರೆಯುವರು, ಇನ್ನೊಬ್ಬರು ಬರೆದವರ ಹೆಸರು. ಧಾರವಾಡದ ಕಡೆಯಿಂದ ಬರುವ ಲೇಖನಗಳಲ್ಲಿ 'ಪೃಷ್ಠ', ನಮ್ಮವರಲ್ಲಿ 'ಪುಟ'. ಕೆಲವರು "ನನ್ನ ಗುರುಗಳು ಎಲ್ಲೋ ಹೇಳಿರುವಂತೆ" ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನಂಜುಂಡಯ್ಯನವರು ಕರ್ತೃ, ಕೃತಿ, ಊರು, ವರ್ಷ, ಪುಟ ಎಂಬ ಕ್ರಮ ಹಾಕಿಕೊಟ್ಟರು. ಪ್ರತಿ ಆಕರಕ್ಕೂ ಒಂದು ಚೀಟಿ. ಚೀಟಿಗೆ ಕಾಗದ ಬೇಕಲ್ಲ. ಕೆಳಗೆ ಅಚ್ಚುಕೂಟದಲ್ಲಿ ಉಳಿದ ಲಗ್ನಪತ್ರಿಕೆಗಳನ್ನು ಕತ್ತರಿಸಿ ಬೆನ್ನಿನ ಮೇಲೆ ಬರೆಯುತ್ತಿದ್ದೆ. ಎಲ್ಲವನ್ನೂ ಮೊರದಲ್ಲಿ ಹರಡಿಕೊಂಡು ಅಕಾರಾದಿಗೆ ಜೋಡಿಸುವುದು. ಮೊರ ನಮ್ಮ ಮನೆಯಿಂದ ತಂದದ್ದು. ಮೇಜಿನ ಮೇಲೆ ಚೀಟಿ ಹಾರುತ್ತಿದ್ದವು, ಮೊರದಲ್ಲಿ ಹಾರುತ್ತಿರಲಿಲ್ಲ. ಹಿಂದೆ ವಧೂವರರ ಹೆಸರು, ಮುಂದೆ ಹಳೆಗನ್ನಡ ಕಾವ್ಯದ ಪುಟ. ಯಾರಾದರೂ ಪಂಡಿತರು ಬಂದು ಆ ಗುಲಾಬಿ ಬಣ್ಣದ ಚೀಟಿ ಎತ್ತಿಕೊಂಡು ತಿರುಗಿಸಿ, "ಚಿರಂಜೀವಿ ಸೌಭಾಗ್ಯವತಿ ಯಾರಮ್ಮ ಇವಳು?" ಎಂದು ಕೇಳುವುದು ವಾಡಿಕೆಯೇ ಆಗಿತ್ತು.

ಕೆಳಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಕರೀಂ ಸಾಬರು. ಅಡಿಟಿಪ್ಪಣಿಯ ಅಂಕಿ ಅಕ್ಷರದ ತಲೆಯ ಮೇಲೆ ಸಣ್ಣದಾಗಿ ಕೂರಬೇಕು. ಅಷ್ಟು ಸಣ್ಣ ಕನ್ನಡ ಅಂಕಿಗಳು ಅವರಲ್ಲಿ ಇದ್ದದ್ದು ಪಂಚಾಂಗ ಅಚ್ಚು ಹಾಕುವ ಪೆಟ್ಟಿಗೆಯಲ್ಲಿ ಮಾತ್ರ. ಹೀಗಾಗಿ ಯುಗಾದಿಗೆ ಮುಂಚೆ ತಿಥಿ ನಕ್ಷತ್ರದ ಕೆಲಸ ಬಂದರೆ ನಮ್ಮ ಅಡಿಟಿಪ್ಪಣಿಗಳು ಕಾಯಬೇಕಿತ್ತು. "ಅಮ್ಮಾ, ಮೂರು ಇಲ್ಲ. ಎಲ್ಲಾ ಮೂರೂ ಏಕಾದಶಿ ಪಕ್ಕ ಹೋಗಿಬಿಟ್ಟವೆ" ಎಂದು ಕೆಳಗಿನಿಂದ ಕೂಗುತ್ತಿದ್ದರು. ಲೇಖನದಲ್ಲಿ ಮೂರನೆಯ ಟಿಪ್ಪಣಿಯೇ ಬೇಡ, ಎರಡಕ್ಕೇ ಸೇರಿಸಿಬಿಡಿ ಎಂದು ನಂಜುಂಡಯ್ಯನವರು ಹೇಳಿದ್ದೂ ಉಂಟು.

ಪುಸ್ತಕ ಅಚ್ಚಾದ ವರ್ಷ ಹುಡುಕುವುದು ಇನ್ನೊಂದು ಪಾಡು. ಹಳೆಯ ಪುಸ್ತಕಗಳಲ್ಲಿ ಸಂವತ್ಸರದ ಹೆಸರು ಇರುತ್ತಿತ್ತು, ವರ್ಷದ ಸಂಖ್ಯೆ ಇರುತ್ತಿರಲಿಲ್ಲ. ಒಮ್ಮೆ ಒಂದು ಪುಸ್ತಕದ ಮೇಲೆ ವಿಕ್ರಮ ಸಂವತ್ಸರ ಎಂದಷ್ಟೇ ಇತ್ತು. ಮೊನ್ನೆ ಮೊನ್ನೆ ಆಗಿಹೋದ ವಿಕ್ರಮವೋ, ಅದಕ್ಕೂ ಅರವತ್ತು ವರ್ಷ ಹಿಂದಿನ ವಿಕ್ರಮವೋ? ಯಾರು ಯಾರನ್ನು ನೋಡಿ ಬರೆದರು ಎಂಬ ವಾದವೆಲ್ಲ ಅದರ ಮೇಲೆ ನಿಂತಿತ್ತು. ನಾನು ಮುನ್ನುಡಿ ಓದಿದೆ, ಅರ್ಪಣೆ ಓದಿದೆ, ಕಾಗದ ಮೂಸಿ ನೋಡಿದೆ. ಏನೂ ಗೊತ್ತಾಗಲಿಲ್ಲ. ಕೊನೆಗೆ ಹಿಂದಿನ ರಕ್ಷಾಪುಟದಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು, ಹೊಳೆನರಸೀಪುರದಿಂದ ಹೊರಡುವ ಮೋಟಾರು ಸರ್ವಿಸಿನದು. ನಂಜುಂಡಯ್ಯನವರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ತಾತನ ಕಾಲದ ವಿಕ್ರಮದಲ್ಲಿ ಎತ್ತಿನ ಗಾಡಿ ಸಿಕ್ಕಿದರೆ ಪುಣ್ಯ. ಈಚಿನದೇ ಹಾಕಿ." ಅವತ್ತಿನಿಂದ ನಾನು ಯಾವ ಪುಸ್ತಕವನ್ನು ತೆಗೆದರೂ ಮೊದಲು ಹಿಂದಿನ ಪುಟ ನೋಡುತ್ತೇನೆ. ಹೊಸಬರಿಗೂ ಅದನ್ನೇ ಹೇಳುತ್ತೇನೆ.

'ಅದೇ' ಎಂಬ ಎರಡಕ್ಷರದ ಕಥೆಯನ್ನೂ ಹೇಳಬೇಕು. ಮೇಲಿನ ಟಿಪ್ಪಣಿಯಲ್ಲಿ ಹೇಳಿದ ಪುಸ್ತಕವೇ ಮತ್ತೆ ಬಂದರೆ ಪೂರ್ತಿ ಹೆಸರು ಬರೆಯದೆ 'ಅದೇ, ಪು. ೧೨' ಎಂದು ಬರೆಯುವುದು ಪದ್ಧತಿ. ಪುಟದ ಕೆಳಗೆ ಟಿಪ್ಪಣಿ ಜೋಡಿಸುವುದು ಕರೀಂ ಸಾಬರಿಗೆ ಕಷ್ಟವೆಂದು ಒಂದು ಸಂಚಿಕೆಯಲ್ಲಿ ಎಲ್ಲ ಲೇಖನಗಳ ಟಿಪ್ಪಣಿಗಳನ್ನೂ ಸಂಚಿಕೆಯ ಕೊನೆಗೆ ಒಟ್ಟಿಗೆ ಹಾಕಿದೆವು. ಮೊಸಳೆ ಎಂಬ ಊರಿನ ಜೋಡಿ ದೇವಾಲಯಗಳ ಮೇಲಿನ ಲೇಖನ ಉದ್ದವಾಯಿತೆಂದು ಅದರ ಮೊದಲ ಪ್ಯಾರಾವನ್ನು ಕೊನೆ ಗಳಿಗೆಯಲ್ಲಿ ಕತ್ತರಿಸಿದ್ದೂ ಆಯಿತು. ಪ್ಯಾರಾದ ಜೊತೆಗೆ ಅದರ ಟಿಪ್ಪಣಿಯೂ ಹೋಯಿತು. ಈಗ ದೇವಾಲಯದ ಟಿಪ್ಪಣಿಗಳು 'ಅದೇ, ಪು. ೧೨' ಎಂದೇ ಶುರುವಾದವು. ಅದರ ಮೇಲೆ ಇದ್ದದ್ದು ಹಿಂದಿನ ಲೇಖನದ ಕೊನೆಯ ಟಿಪ್ಪಣಿ. ಆ ಲೇಖನ ದನದ ಪರಿಷೆಗಳ ಮೇಲೆ, ಆ ಟಿಪ್ಪಣಿಯಲ್ಲಿ ಇದ್ದದ್ದು ಎಮ್ಮೆ ಕರುಗಳ ಪಾಲನೆಯ ಒಂದು ಕೈಪಿಡಿ.

ಸಂಚಿಕೆ ಹೋಗಿ ಸ್ವಲ್ಪ ದಿನಕ್ಕೆ ಹಿರೀಸಾವೆಯ ದನದ ಆಸ್ಪತ್ರೆಯ ಕಾಂಪೌಂಡರ್ ಒಬ್ಬರು ಬಸ್ಸಿಳಿದು ಸೀದಾ ನಮ್ಮ ಮಹಡಿ ಹತ್ತಿದರು. ಕೈಯಲ್ಲಿ ಆ ಕೈಪಿಡಿ.

"ಸಾ, ನಂತಾವ ಇರೋ ಪುಸ್ತಕದಲ್ಲಿ ಅನ್ನೆರಡನೇ ಪುಟ ಜಂತುಹುಳದ್ದು. ಗುಡಿ ಕಂಬವ ತಿರುಗ್ಸಿ ಕಡೆದವ್ರೆ ಅಂತ ನೀವು ಬರ್ದಿರೋದು ಇದ್ರಾಗೆ ಎಲ್ಲೂ ಇಲ್ಲ. ನಿಮ್ತಾವ ಇರೋದು ಬ್ಯಾರೆ ಮುದ್ರಣವಾ?"

ಅವರು ಗೇಲಿ ಮಾಡಲು ಬಂದವರಲ್ಲ. ನಿಜವಾಗಿಯೂ ಹೊಸ ಮುದ್ರಣ ಬಂದಿದೆಯೇನೋ, ಕೊಂಡುಕೊಳ್ಳೋಣ ಎಂದು ಬಂದಿದ್ದರು. ನಂಜುಂಡಯ್ಯನವರು ಅವರಿಗೆ ಕಾಫಿ ತರಿಸಿ, ಆದ ಫಜೀತಿಯನ್ನು ವಿವರಿಸಿದರು. ಅವರು ಹೋದ ಮೇಲೆ ನನ್ನನ್ನೂ ಕರೀಂ ಸಾಬರನ್ನೂ ಕರೆದು, "ಇನ್ನು ನಮ್ಮ ಪತ್ರಿಕೆಯಲ್ಲಿ ಅದೇ ಇಲ್ಲ. ಎಷ್ಟು ಸಲ ಬಂದರೂ ಪೂರ್ತಿ ಹೆಸರು" ಎಂದರು.

"ಅದೇ ಅಂದ್ರೆ ಎರಡು ಮೊಳೆ, ಸಾರ್. ಪೂರ್ತಿ ಹೆಸರು ಅಂದ್ರೆ ಒಂದು ಸಾಲು" ಎಂದರು ಕರೀಂ ಸಾಬರು.

"ಸಾಲು ಹೋಗಲಿ ಸಾಬರೇ. ದೇವರ ಗುಡಿಗೆ ಜಂತುಹುಳ ಬಿಡೋದು ಬೇಡ."

ಇವೆಲ್ಲ ನಗುವ ಮಾತು. ನಿಜವಾಗಿ ನನ್ನನ್ನು ಹೆದರಿಸಿದ ಒಂದು ಸಂಗತಿ ಇದಾದ ಕೆಲವು ವರ್ಷಕ್ಕೆ, ಅರವತ್ತರ ದಶಕ ಶುರುವಾದ ಮೇಲೆ ನಡೆಯಿತು.

ಅರಕಲಗೂಡಿನಲ್ಲಿ ಪುಟ್ಟಸ್ವಾಮಿ ಎಂಬ ಪ್ರೈಮರಿ ಶಾಲೆಯ ಮೇಷ್ಟ್ರು ಇದ್ದರು. ಚಿಕ್ಕ ವಯಸ್ಸು, ಮಾತು ಕಡಿಮೆ. ರಜೆ ಬಂದರೆ ಸೈಕಲ್ ಹತ್ತಿ ಹಳ್ಳಿ ಹಳ್ಳಿ ಸುತ್ತಿ ಹೊಲಗಳ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ಊರಿಗೆ ಹೆಸರಿರುವ ಹಾಗೆ ಪ್ರತಿ ಹೊಲಕ್ಕೂ ಒಂದು ಹೆಸರು ಇರುತ್ತದಲ್ಲ, ಅದನ್ನು. ರಾಮನಾಥಪುರದ ಸುತ್ತಿನ ಹೊಲದ ಹೆಸರುಗಳ ಮೇಲೆ ಅವರು ಬರೆದ ಲೇಖನ ನಮಗೆ ಬಂತು. ನಂಜುಂಡಯ್ಯನವರು ಓದಿ ಹಿಗ್ಗಿದರು. ಅದರಲ್ಲಿ ಒಂದು ಹೊಲದ ಹೆಸರು 'ನೆತ್ರುಗೊಡ್ಗೆ'. ಹಿಂದೆ ಊರಿಗಾಗಿ ಹೋರಾಡಿ ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ಕಲ್ಲುಶಾಸನಗಳಲ್ಲಿ 'ನೆತ್ತರುಗೊಡಗೆ' ಎನ್ನುತ್ತಾರೆ. ನೂರಾರು ವರ್ಷದ ಹಿಂದಿನ ಆ ಮಾತು ಇವತ್ತಿಗೂ ಜನರ ಬಾಯಲ್ಲಿ ಉಳಿದಿದೆ ಎಂದರೆ ದೊಡ್ಡ ಸಂಗತಿ. ಟಿಪ್ಪಣಿಯಲ್ಲಿ ಪುಟ್ಟಸ್ವಾಮಿ ಆಕರ ಕೊಟ್ಟಿದ್ದರು: 'ಮಾಹಿತಿ, ಒಬ್ಬ ಮುದುಕಿ.'

ನಮ್ಮಲ್ಲಿ ಪ್ರತಿ ಲೇಖನವನ್ನೂ ಹೊರಗಿನ ಒಬ್ಬ ವಿದ್ವಾಂಸರಿಗೆ ಕಳಿಸಿ ಅಭಿಪ್ರಾಯ ಕೇಳುವ ರೂಢಿ. ಇದನ್ನು ಮೈಸೂರಿನ ಶಾಮರಾಯರಿಗೆ ಕಳಿಸಿದೆವು. ಶಾಸನ ಓದುವುದರಲ್ಲಿ ಅವರ ಮಾತಿಗೆ ಎದುರಿಲ್ಲ. ಅವರ ಉತ್ತರ ಬಂತು. ಲೇಖಕರು ಈ ಪದವನ್ನು ಶಾಸನದ ಪುಸ್ತಕದಲ್ಲಿ ಓದಿ, ಆಮೇಲೆ ಯಾವುದೋ ಮುದುಕಿಯ ಬಾಯಲ್ಲಿ ಇಟ್ಟಂತೆ ತೋರುತ್ತದೆ, ಒಬ್ಬ ಮುದುಕಿ ಎಂಬುದು ಆಕರವಲ್ಲ, ಇದನ್ನು ಅಚ್ಚು ಹಾಕಬಾರದು ಎಂಬುದು ಅದರ ತಾತ್ಪರ್ಯ.

ಪುಟ್ಟಸ್ವಾಮಿಯನ್ನು ಕರೆಸಿದೆವು. ಸಂಗತಿ ಕೇಳಿ ಅವರ ಮುಖ ಇಳಿದುಹೋಯಿತು. ಸುಳ್ಳು ಬರೆದ ಮೇಷ್ಟ್ರು ಎಂದು ಮೈಸೂರಿನಲ್ಲಿ ಒಬ್ಬರು ನಂಬಿದರೆ ಸಾಕು, ಇನ್ನು ಯಾವ ಪತ್ರಿಕೆಯೂ ಅವರ ಕಡೆ ತಿರುಗಿ ನೋಡುವುದಿಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು.

"ಯಾವ ಮುದುಕಿ, ಪುಟ್ಟಸ್ವಾಮಿ?" ಎಂದು ಕೇಳಿದರು ನಂಜುಂಡಯ್ಯನವರು.

"ಹೆಸರು ಕೇಳ್ಳಿಲ್ಲ ಸಾರ್. ಹೊಗೆಸೊಪ್ಪಿನ ಕೆಲಸಕ್ಕೆ ಬಂದಿದ್ರು. ಕೂಲಿಯವರ ಹೆಸರನ್ನೂ ಬರೀಬೇಕು ಅಂತ ನಂಗೆ ತೋಚ್ಲಿಲ್ಲ."

"ಪುಸ್ತಕ ಆಗಿದ್ದರೆ 'ಒಂದು ಪುಸ್ತಕ' ಅಂತ ಬರೀತಿದ್ರಾ?"

ನಂಜುಂಡಯ್ಯನವರು ನನ್ನ ಕಡೆ ತಿರುಗಿದರು. ನಾನು ಆಗಲೇ ಚೀಲಕ್ಕೆ ಪೆನ್ಸಿಲು, ಚೀಟಿ ತುಂಬುತ್ತಿದ್ದೆ. ಪುಸ್ತಕ ಇಲ್ಲಿ ಇಲ್ಲದಿದ್ದರೆ ಇರುವ ಕಡೆಗೆ ಹೋಗಬೇಕು, ಅಷ್ಟೇ. ಕೆಳಗೆ ಕರೀಂ ಸಾಬರು ಮೈಸೂರಿನ ಉತ್ತರಕ್ಕೆ ಕಾಯದೆ ಆ ಪುಟವನ್ನು ಆಗಲೇ ಜೋಡಿಸಿಬಿಟ್ಟಿದ್ದರು. "ಟಿಪ್ಪಣಿಗೆ ಜಾಗ ಬಿಟ್ಟಿರ್ತೀನಮ್ಮಾ. ಹೆಸರು ಉದ್ದ ಇದ್ರೂ ಪರವಾಗಿಲ್ಲ" ಎಂದರು.

ಪುಟ್ಟಸ್ವಾಮಿಯವರ ಜೊತೆ ಬಸ್ಸಿನಲ್ಲಿ ಅರಕಲಗೂಡು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ರಾಮನಾಥಪುರ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಊರಾಚೆ ಒಂದು ಚಪ್ಪರದ ಕೆಳಗೆ ಹೆಂಗಸರು ಕೂತು ಹೊಗೆಸೊಪ್ಪಿನ ಎಲೆಗಳನ್ನು ದಾರಕ್ಕೆ ಪೋಣಿಸುತ್ತಿದ್ದರು. ಪುಟ್ಟಸ್ವಾಮಿ ಒಬ್ಬೊಬ್ಬರ ಮುಖವನ್ನೂ ನೋಡಿ, ನೋಡಿ, ಗುರುತು ಸಿಗದೆ ನಿಂತರು. ಅಷ್ಟರಲ್ಲಿ ಚಪ್ಪರದ ಮೂಲೆಯಿಂದಲೇ ಒಂದು ಮಾತು ಬಂತು.

"ಏನ್ ಮೇಷ್ಟ್ರೇ, ಇನ್ನೂ ವಲದ ಎಸ್ರು ಸಾಲ್ದಾ?"

ಪುಟ್ಟಸ್ವಾಮಿಯವರ ಮುಖ ನೋಡಬೇಕಿತ್ತು. ಕಳೆದುಹೋದ ಹಸು ತಾನಾಗಿ ಕೊಟ್ಟಿಗೆಗೆ ಬಂದವರ ಹಾಗೆ ಹಲ್ಲು ಬಿಟ್ಟರು. ಮುದುಕಿಯದು ಬಿಳಿ ತಲೆ, ಸಣ್ಣ ದೇಹ, ಕೈ ಮಾತ್ರ ಎಲೆ ಪೋಣಿಸುವುದನ್ನು ನಿಲ್ಲಿಸಲಿಲ್ಲ. ನಾನು ಪಕ್ಕದಲ್ಲಿ ಕೂತು ಹೆಸರು ಕೇಳಿದೆ.

"ಅಂಕಮ್ಮ. ಯಾಕವ್ವ, ಕಂದಾಯ ಆಕ್ತಾರಾ?"

"ಇಲ್ಲಮ್ಮ, ಪತ್ರಿಕೆಯಲ್ಲಿ ನಿಮ್ಮ ಹೆಸರು ಹಾಕ್ತೀವಿ. ಈ ಹೊಲದ ಹೆಸರು ಹೇಳಿದ್ದು ಯಾರು ಅಂತ ಯಾರಾದರೂ ಕೇಳಿದರೆ ನಿಮ್ಮನ್ನೇ ಬಂದು ಕೇಳಬಹುದು, ಅದಕ್ಕೆ."

"ಬರ್ಲಿ. ಸುಗ್ಗೀಲಿ ಬ್ಯಾಡ. ಆಗ ಉಸ್ರು ಬಿಡಕೂ ಆಗಾಕಿಲ್ಲ. ಸುಗ್ಗಿ ಕಳ್ಕಂಡು ಬರ್ಲಿ ಅಂತ ಬರ್ಕೊ."

ಬರೆದುಕೊಂಡೆ. ನೆತ್ರುಗೊಡ್ಗೆ ಎಂದರೇನು ಎಂದು ಕೇಳಿದೆ. ಪುಟ್ಟಸ್ವಾಮಿ ಬಾಯಿ ಬಿಡದಂತೆ ಕಣ್ಣಲ್ಲೇ ಸನ್ನೆ ಮಾಡಿದೆ.

"ಅದ್ಯಾರೋ ಒಬ್ಬ, ಊರ ದನವ ವಡ್ಕಂಡೋಯ್ತಿದ್ರಂತೆ, ತಿರುಗ್ಸಕೋಗಿ ಸತ್ತ. ಅವ್ನ ಮಕ್ಳಿಗೆ ಬುಟ್ಟಿದ್ ವಲ ಕಣವ್ವ. ನಮ್ಮಪ್ಪ ಏಳ್ತಿದ್ದ. ನಮ್ಮಪ್ಪ ಊರ ತೋಟಿ. ವಲದೋರು ಬದಕ್ಕೆ ಜಗಳಾಡುದ್ರೆ ಅವ್ನೇ ಓಗಿ ಗಡಿ ತೋರುಸ್ಬೇಕು. ನಾನು ಅವ್ನಿಂದೆ ನಡ್ಕಂಡೋಯ್ತಿದ್ದೆ. ಆಮೇಕೆ ಕೂಲಿಗೋದೆ. ಈ ಸುತ್ನಾಗೆ ನಾನು ಬಗ್ಗಿ ಕಳೆ ಕೀಳ್ದೆ ಇರೋ ವಲ ಇಲ್ಲ."

ಲಿಖಿತ ದಾಖಲೆಗಳಲ್ಲಿ ಹೆಂಗಸರ ಹೆಸರಿನ ಮುಂದೆ 'ಕೋಂ' ಎಂದು ಬರೆದು ಗಂಡನ ಹೆಸರು ಹಾಕುವುದು ರೂಢಿ. ಗಂಡನ ಹೆಸರು ಕೇಳಿದೆ. ಅಂಕಮ್ಮನ ಕೈ ಮೊದಲ ಬಾರಿಗೆ ನಿಂತಿತು.

"ಅವ್ನ್ಯಾಕೆ? ಏಳ್ಕೊಟ್ಟೋನು ನಮ್ಮಪ್ಪ. ಇವ್ನಿಗೆ ತಾನು ಉಳೋ ವಲದ ಎಸ್ರೇ ಮರ್ತೋಯ್ತದೆ."

ಆಚೆ ಕೂತು ಬೀಡಿ ಸೇದುತ್ತಿದ್ದ ಮುದುಕ ಆ ಗಂಡನೇ. "ಅಪ್ಪನ್ದೇ ಆಕಳಿ, ನಂಗೇನು" ಎಂದ. ಚಪ್ಪರದ ಹೆಂಗಸರೆಲ್ಲ ನಕ್ಕರು.

ವಯಸ್ಸು ಕೇಳಿದಾಗ, ಹೊಳೆ ಊರೊಳಕ್ಕೆ ನುಗ್ಗಿದ ವರ್ಷ ಎರಡನೆಯ ಮಗ ತೊಟ್ಟಿಲಲ್ಲಿದ್ದ ಎಂದಳು. ನಾನೂ ಪುಟ್ಟಸ್ವಾಮಿಯೂ ಬೆರಳು ಮಡಿಸಿ ಸುಮಾರು ಅರವತ್ತು ಎಂದು ಲೆಕ್ಕ ಹಾಕಿದೆವು. ಆಮೇಲೆ ಬೇರೆ ಹೊಲಗಳ ಹೆಸರನ್ನೂ ಒಂದೊಂದಾಗಿ ಒಪ್ಪಿಸಿ ನೋಡುತ್ತಾ ಹೋದೆವು. ಒಂದು ದಿಬ್ಬದ ಹೊಲಕ್ಕೆ ಅಂಕಮ್ಮ 'ಮಜ್ಜಿಗೆ ತೆವರು' ಎಂದಳು. ಪಕ್ಕದಲ್ಲಿದ್ದ ಅವಳ ಓರಗಿತ್ತಿ ಚಿಕ್ಕತಾಯಮ್ಮ ತಲೆಯಾಡಿಸಿದಳು.

"ಮಜ್ಜಿಗೆ ಅಲ್ಲ ಕಣಕ್ಕ, ಮಜ್ಜನದ ತೆವರು. ದ್ಯಾವ್ರ ಮಜ್ಜನಕ್ಕೆ ಬುಟ್ಟಿದ್ದು."

"ನಿಂಗೇನ್ ಗೊತ್ತು, ನೀನು ಬ್ಯಾರೆ ಊರಿಂದ ಬಂದೋಳು."

"ಬಂದು ನಲ್ವತ್ತೊರ್ಸ ಆಯ್ತು. ಇನ್ನೂ ಆ ಊರೇ?"

ಇಬ್ಬರೂ ಬಿಡಲಿಲ್ಲ. ಚಪ್ಪರ ಎರಡು ಪಕ್ಷವಾಯಿತು. ನಾನು ಎರಡನ್ನೂ ಬರೆದುಕೊಂಡೆ, ಚಿಕ್ಕತಾಯಮ್ಮನ ಹೆಸರನ್ನೂ ಸೇರಿಸಿ. ಬಸ್ಸಿನಲ್ಲಿ ಬರುವಾಗ ಪುಟ್ಟಸ್ವಾಮಿ ಕೇಳಿದರು, ಇದನ್ನು ಹೇಗೆ ಕಾಣಿಸುತ್ತೀರಿ ಎಂದು. ಓಲೆಗರಿಗಳಲ್ಲಿ ಒಂದು ಪ್ರತಿಗೂ ಇನ್ನೊಂದಕ್ಕೂ ಮಾತು ಬೇರೆಯಾದರೆ ಏನು ಮಾಡುತ್ತಾರೋ ಹಾಗೆ ಎಂದೆ. ಹಾಗೆಯೇ ಹಾಕಿದೆವು: 'ಮಜ್ಜಿಗೆ ತೆವರು. ಪಾಠಾಂತರ: ಮಜ್ಜನದ ತೆವರು (ಚಿಕ್ಕತಾಯಮ್ಮ).'

ಕಚೇರಿಗೆ ಬಂದು ಮೊರ ಮುಂದಿಟ್ಟುಕೊಂಡು ಕೂತಾಗ ಬೇರೆಯೇ ಪ್ರಶ್ನೆ ಎದ್ದಿತು. ಪುಸ್ತಕ ಬರೆದವರ ಪಟ್ಟಿ ಇದೆ. ಅಂಕಮ್ಮನನ್ನು ಎಲ್ಲಿ ಹಾಕುವುದು? ಕೆಳಗೆ 'ಬಾಯಿಮಾತು' ಎಂದು ಬೇರೆ ಶೀರ್ಷಿಕೆ ಕೊಡೋಣವೇ ಎಂದು ಕೇಳಿದೆ.

"ಬೇರೆ ಪಂಕ್ತಿ ಬೇಡಮ್ಮ. ಎಲ್ಲರ ಜೊತೆ ಕೂರಿಸಿ" ಎಂದರು ನಂಜುಂಡಯ್ಯನವರು.

ಎಲ್ಲರ ಜೊತೆ ಅಕಾರಾದಿಗೆ ಜೋಡಿಸಿದರೆ ಅಂಕಮ್ಮ ಮೊದಲನೆಯವಳಾದಳು. ಪಟ್ಟಿಯ ತಲೆಯ ಮೇಲೆ ಹೀಗೆ ಅಚ್ಚಾಯಿತು: 'ಅಂಕಮ್ಮ (ವಯಸ್ಸು ಸುಮಾರು ೬೦), ತೋಟಿ ಕಾಳಯ್ಯನ ಮಗಳು, ರಾಮನಾಥಪುರ. ಬಾಯಿಮಾತು. ಕೇಳಿ ಬರೆದವರು ಪುಟ್ಟಸ್ವಾಮಿ. ಸುಗ್ಗಿಯ ಕಾಲ ಬಿಟ್ಟು ಉಳಿದಾಗ ಕೇಳಬಹುದು.' ಕೊನೆಯ ವಾಕ್ಯ ತೆಗೆಯಲೇ ಎಂದಾಗ ನಂಜುಂಡಯ್ಯನವರು, "ಎಲ್ಲಿ ಸಿಗುತ್ತೆ, ಯಾವಾಗ ಸಿಗುತ್ತೆ ಅಂತ ಹೇಳೋದೇ ನಮ್ಮ ಕೆಲಸ. ಇರಲಿ" ಎಂದರು. ಶಾಮರಾಯರಿಗೂ ಒಂದು ಪ್ರತಿ, ಜೊತೆಗೆ ನಾವು ಹೋಗಿಬಂದ ವಿವರ ಕಳಿಸಿದರು. ಅವರ ಅಭಿಪ್ರಾಯವನ್ನು ಮೀರಿ ಅಚ್ಚು ಹಾಕಿದ್ದು ಅದೇ ಮೊದಲು. ಶಾಮರಾಯರಿಂದ ಉತ್ತರ ಬರಲಿಲ್ಲ.

ಆ ಪಟ್ಟಿ ನೋಡಿಕೊಂಡು ಮೊದಲು ಬಂದದ್ದು ಹೊಳೆನರಸೀಪುರದ ಅನಂತಯ್ಯನವರು. ವಕೀಲರು, ಜಮೀನಿನ ಹಳೆಯ ಹಕ್ಕುಗಳ ಮೇಲೆ ಒಳ್ಳೆಯ ಪುಸ್ತಕ ಬರೆದವರು. ಅವರ ಪುಸ್ತಕವನ್ನು ಬಿಟ್ಟು ಯಾರೂ ಆ ವಿಷಯದ ಮೇಲೆ ಬರೆಯುವಂತಿರಲಿಲ್ಲ. ಹೆಸರು 'ಅ'ದಿಂದ ಶುರುವಾಗುವುದರಿಂದ ಯಾವ ಪಟ್ಟಿ ತೆಗೆದರೂ ಅವರೇ ಮೊದಲು. ಅದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು. ಕೊಡೆಯನ್ನು ಬಾಗಿಲಿಗೆ ಒರಗಿಸಿ ಬಂದು ಕೂತರು.

"ನಂಜುಂಡಯ್ಯ, ಆಕೆ ಮೇಲೆ ಇರೋದಕ್ಕೆ ನನ್ನ ತಕರಾರಿಲ್ಲ. ಆದರೆ ವರ್ಣಮಾಲೆ ಅಂತ ಒಂದಿದೆಯಲ್ಲ. ಅ, ಆ, ಇ, ಈ ಎಲ್ಲ ಆಗಿ, ಔ ಆದ ಮೇಲೆ ಬರೋದು ಅಂ. ಆಕೆ ಹೆಸರು ಅಂಕಮ್ಮ. ಲೆಕ್ಕದ ಪ್ರಕಾರ ಸ್ವರಗಳ ಕೊನೇಲಿ ಬರಬೇಕು."

ವಾದ ಗಟ್ಟಿಯಾಗಿತ್ತು. ನನಗೆ ಹೌದಲ್ಲ ಎನಿಸಿತು. ನಂಜುಂಡಯ್ಯನವರು ಬೀರುವಿನಿಂದ ದಪ್ಪ ನಿಘಂಟನ್ನು ತಂದು ಅನಂತಯ್ಯನವರ ತೊಡೆಯ ಮೇಲೆಯೇ ಇಟ್ಟರು. ಅವರು ಮೊದಲ ಪುಟಗಳನ್ನು ತೆರೆದರು. ಅಂಕ, ಅಂಕಣ, ಅಂಕುಶ ಎಲ್ಲ ಅಲ್ಲೇ ಇದ್ದವು. 'ಅನಂತ' ಎಷ್ಟೋ ಪುಟ ಆಚೆ. ಅನಂತಯ್ಯನವರು ಹಾಳೆ ತಿರುಗಿಸುತ್ತಾ ತಿರುಗಿಸುತ್ತಾ ನಗತೊಡಗಿದರು. ನಿಘಂಟು ತೊಡೆಯ ಮೇಲೆ ಕುಣಿಯಿತು.

"ಆಯ್ತಪ್ಪ, ಸೋತೆ. ಕೋರ್ಟಿನಲ್ಲೂ ಹಿಂಗೆ ಸೋತಿಲ್ಲ. ಅಲ್ಲಾ ಲಕ್ಷ್ಮೀದೇವಮ್ಮ, ಆಯಮ್ಮನಿಗೆ ನಮ್ಮ ಕಡೆ ಹೊಲಗಳ ಹೆಸರೂ ಗೊತ್ತಿರಬಹುದಾ?"

ಸುಗ್ಗಿ ಕಳೆಯಿತು. ಒಂದು ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗಲೇ ಮೆಟ್ಟಿಲ ಮೇಲೆ ಎತ್ತರದ ಒಬ್ಬರು ಕ್ಯಾನ್ವಾಸ್ ಚೀಲ ಹಿಡಿದು ನಿಂತಿದ್ದರು. ಕೈಯಲ್ಲಿ ನಮ್ಮ ಸಂಚಿಕೆ, ಆಕರಗಳ ಪುಟಕ್ಕೆ ಬಸ್ಸಿನ ಟಿಕೆಟ್ಟನ್ನು ಗುರುತಿಗೆ ಇಟ್ಟಿದ್ದರು.

"ನಾನು ಶಾಮರಾಯ. ಸುಗ್ಗಿ ಮುಗಿದಿದೆ ತಾನೆ?" ಎಂದರು.

ನಂಜುಂಡಯ್ಯನವರಿಗೆ ಅವತ್ತು ಮೈ ಸರಿಯಿರಲಿಲ್ಲ. ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಶಾಮರಾಯರು ಸಂಚಿಕೆ ತೆರೆದು ಆ ಲೇಖನವನ್ನೇ ಮತ್ತೆ ಓದುತ್ತಿದ್ದರು. ಅರಕಲಗೂಡಿನಲ್ಲಿ ಬಸ್ಸು ಬದಲಿಸುವಾಗ ನಾನು ಹೇಳಿಕಳಿಸಿದ್ದರಿಂದ ಪುಟ್ಟಸ್ವಾಮಿಯವರು ಬಂದು ಬಸ್ಸು ಹತ್ತಿ, ಶಾಮರಾಯರನ್ನು ಕಂಡು ನಮಸ್ಕಾರ ಮಾಡಿ ಹಿಂದಿನ ಸೀಟಿಗೆ ಹೋಗಿ ಕೂತರು. ನನಗಂತೂ ಒಂದೇ ಯೋಚನೆ. ಅಂಕಮ್ಮ ಇವತ್ತು ಬೇರೆ ಏನಾದರೂ ಹೇಳಿಬಿಟ್ಟರೆ?

ಅಂಕಮ್ಮ ಮನೆಯ ಮುಂದೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಶಾಮರಾಯರು ಪದವನ್ನು ತಾವಾಗಿ ಬಾಯಿಂದ ಆಡಲಿಲ್ಲ. "ಈ ಊರ ಹೊಲಗಳನ್ನೆಲ್ಲ ತೋರಿಸ್ತೀರಾ ತಾಯಿ?" ಎಂದಷ್ಟೇ ಕೇಳಿದರು. ಅಂಕಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದಳು. ಬದುವಿನ ಮೇಲೆ ಅವಳು, ಹಿಂದೆ ಶಾಮರಾಯರು, ಅವರ ಹಿಂದೆ ನಾವು. ಒಂದೊಂದು ಹೊಲಕ್ಕೂ ನಿಂತು ಹೆಸರು ಹೇಳುವಳು. ಒಂದೆರಡು ಕಡೆ ಮರೆತಳು, ಮರೆತೆ ಎಂದೇ ಹೇಳಿದಳು. ಶಾಮರಾಯರು ಬರೆದುಕೊಳ್ಳುತ್ತಿದ್ದರು. ಹೊಳೆಯ ಕಡೆ ಇಳಿಯುವ ಇಳಿಜಾರಿನಲ್ಲಿ ಒಂದು ಕೆಂಪು ಮಣ್ಣಿನ ಹೊಲ. ಅಲ್ಲಿ ನಿಂತು ಅಂಕಮ್ಮ ಹೇಳಿದಳು.

"ಇದು ನೆತ್ರುಗೊಡ್ಗೆ, ಬುದ್ದಿ. ದನ ತಿರುಗ್ಸಕೋಗಿ ಸತ್ತೋನ ವಲ."

ಶಾಮರಾಯರು ಬರೆಯುವುದನ್ನು ಬಿಟ್ಟು ನಿಂತರು. ಆಮೇಲೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೊಲದೊಳಗೆ ಇಳಿದರು. ಸ್ವಲ್ಪ ದೂರ ಹೋಗಿ, ತಿರುಗಿ, "ಪುಟ್ಟಸ್ವಾಮಿಯವರೇ, ಬನ್ನಿ ಇಲ್ಲಿ" ಎಂದು ಕರೆದರು. ಪುಟ್ಟಸ್ವಾಮಿ ಹೋದರು. ಶಾಮರಾಯರು ಅವರ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು. ಗಾಳಿಗೆ ನನಗೆ ಕೇಳಿಸಲಿಲ್ಲ. ಪುಟ್ಟಸ್ವಾಮಿ ಕಣ್ಣೊರೆಸಿಕೊಂಡದ್ದು ಕಾಣಿಸಿತು.

ಶಾಮರಾಯರು ಬದುವಿಗೆ ಬಂದು ಅಂಕಮ್ಮನಿಗೆ ಹೇಳಿದರು. "ತಾಯಿ, ನೀವು ಹೇಳಿದ ಈ ಮಾತು ಕಲ್ಲಿನ ಮೇಲೂ ಇದೆ. ನಿಮ್ಮ ತಂದೆಯವರ ತಾತ, ಅವರ ತಾತನಿಗಿಂತಲೂ ಹಿಂದೆ ಕೆತ್ತಿದ ಕಲ್ಲುಗಳು. ನಾನು ಓದಿದ್ದೀನಿ."

"ಕಲ್ಮೇಲಾ? ನಮ್ಮಪ್ಪ ಏಳ್ದಂಗೇಯಾ?"

"ಹೂಂ. ನಿಮ್ಮಪ್ಪ ಹೇಳಿದ ಹಾಗೇ."

ಅಂಕಮ್ಮ ಶಾಮರಾಯರ ಕಡೆ ತಿರುಗಿ ಕೇಳಿದಳು.

"ನಿಮ್ಮೆಸ್ರೇನು ಬುದ್ದಿ?"

"ಶಾಮರಾಯ."

"ಅಪ್ಪನೆಸ್ರು?"

ಇಡೀ ಮೈಸೂರಿನಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಾರರು. "ವೆಂಕಟರಾಯರು" ಎಂದರು.

"ಯಾವೂರು?"

"ಮೈಸೂರು, ತಾಯಿ. ಯಾಕೆ?"

"ನಾಳೀಕೆ ನಾನು ಇದ್ನ ಯಾರಿಗಾರ ಏಳ್ಬೇಕಾದ್ರೆ, ಯಾರ್ ಏಳುದ್ರು ಅಂತ ಕೇಳ್ತಾರಲ್ಲ" ಎಂದು ಹೇಳಿ, ಮರೆತುಹೋಗದಿರಲೆಂದು ಎರಡು ಸಲ ತನ್ನಷ್ಟಕ್ಕೇ ಒಪ್ಪಿಸಿಕೊಂಡಳು. ಅಷ್ಟರಲ್ಲಿ ಆಚೆ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ಚಿಕ್ಕತಾಯಮ್ಮ ಬರುವುದು ಕಂಡಿತು. ಅಂಕಮ್ಮ ಎರಡು ಕೈಯನ್ನೂ ಬಾಯಿಗೆ ಹಿಡಿದು ಕೂಗಿದಳು.

"ಲೇ ಚಿಕ್ತಾಯಿ, ನೆತ್ರುಗೊಡ್ಗೆ ಅನ್ನೋದು ಕಲ್ಮೇಲೂ ಅದಂತೆ ಕಣೆ. ಏಳ್ದೋರು ಸಾಮ್ರಾಯ್ರು, ಯೆಂಕಟ್ರಾಯ್ರ ಮಗ, ಮೈಸೂರು."

ಶಾಮರಾಯರು ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು, ಕೆಮ್ಮಣ್ಣಿನ ಕಾಲಲ್ಲಿ, ಆ ಬದುವಿನ ಮೇಲೆ ನಿಂತು ಮಕ್ಕಳ ಹಾಗೆ ನಗುತ್ತಿದ್ದರು.